‘ಚಂದ್ರ ಮೇಣ ಆಗುತ್ತಾನೆ’ ಅಂತ ಬರೆದ ಮಗಳಿಗೆ ಏನು ಹೇಳಲಿ? ವ್ಯಾಕ್ಸಿಗೆ ನಿಮ್ಮ ಕಡೆ ಏನಂತೀರಿ?

ಟಿಳಕವಾಡಿ ಅಪ್ಪ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಏಳನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಕನ್ನಡಕ್ಕೆ ಅನುವಾದ ಮಾಡಿ ಅಂತ ಹತ್ತು ವಾಕ್ಯ ಕೊಟ್ಟಿದ್ದರು. ಅದರಲ್ಲಿ ಒಂದು ವಾಕ್ಯ ಚಂದ್ರನದ್ದು. 15 ದಿನ ‘ವ್ಯಾಕ್ಸ್’ ಆಗುತ್ತಾನೆ, 15 ದಿನ ‘ವೇನ್’ ಆಗುತ್ತಾನೆ ಅಂತ. ಇವಳು ಡಿಕ್ಷನರಿ ತೆಗೆದು, ಮೊದಲು ಕಂಡ ಅರ್ಥ ಹಿಡಿದು, "ಚಂದ್ರ 15 ದಿನ ಮೇಣ ಆಗುತ್ತಾನೆ" ಅಂತ ಬರೆದಿದ್ದಾಳೆ. ಸೊನ್ನೆ ಮಾರ್ಕು.

ನಾನು ನಕ್ಕೆ. ಅವಳು ಸಿಟ್ಟಾದಳು. "ಪಪ್ಪಾ, ಮೇಣಬತ್ತಿ ಕರಗಿದಂಗ ಚಂದ್ರನೂ ಕರಗತಾನಲ್ಲ, ತಪ್ಪೇನೈತಿ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಮನೆಯಲ್ಲಿ ಎಲ್ಲರನ್ನೂ ವ್ಯಾಕ್ಸ್ ಅಂದರೆ ಏನು ಅಂತ ಕೇಳಿದೆ. ಹೆಂಡತಿ ಪಾರ್ಲರ್ ಅಂದಳು. ತಮ್ಮ ಕಾರಿನ ಪಾಲಿಶ್ ಅಂದ. ನಮ್ಮ ಅವ್ವ "ಡಾಕ್ಟರು ಕಿವ್ಯಾಗಿಂದ ತಗದ್ರಲ್ಲ, ಅದು" ಅಂದಳು. ಒಂದು ಪದಕ್ಕೆ ಇಷ್ಟು ಕೆಲಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಇವಕ್ಕೆಲ್ಲ ಕನ್ನಡದಲ್ಲಿ ಮೇಣ ಒಂದೇನಾ, ಬೇರೆ ಬೇರೆ ಪದ ಇವೆಯಾ? ನಿಮ್ಮ ನಿಮ್ಮ ಊರಲ್ಲಿ ಏನಂತೀರಿ, ಹೇಳಿ.

ಗೋಕಾಕ ಮಾಸ್ತರ್
ನಿಮ್ಮ ಮಗಳದ್ದು ತಪ್ಪಲ್ಲ ಸರ್, ಇಂಗ್ಲಿಷಿನ ತಪ್ಪು. ಅಲ್ಲಿ ವ್ಯಾಕ್ಸ್ ಅಂತ ಎರಡು ಪದ ಇವೆ. ಬರೆಯೋದೂ ಒಂದೇ, ಅನ್ನೋದೂ ಒಂದೇ, ಹುಟ್ಟು ಬೇರೆ. ಒಂದು ಜೇನಿನ ಮೇಣ. ಇನ್ನೊಂದು ‘ಬೆಳೆ, ಹೆಚ್ಚಾಗು’ ಅನ್ನೋ ಹಳೇ ಕ್ರಿಯಾಪದ. ಜರ್ಮನ್ನರಲ್ಲಿ ಈಗಲೂ ಎರಡೂ ಇವೆ. ವಾಕ್ಸ್ ಅಂದರೆ ಮೇಣ, ವಾಕ್ಸೆನ್ ಅಂದರೆ ಬೆಳೆಯೋದು. ಇಂಗ್ಲಿಷಿನವರು ಬೆಳೆಯೋದಕ್ಕೆ ‘ಗ್ರೋ’ ಹಿಡಿದುಕೊಂಡು ಹಳೇ ವ್ಯಾಕ್ಸನ್ನು ಮೂಲೆಗೆ ಹಾಕಿದರು. ಈಗ ಅದು ಉಳಿದಿರೋದು ಹೆಚ್ಚಾಗಿ ಚಂದ್ರನಿಗೆ ಮತ್ತು ಮೈಕ್ ಸಿಕ್ಕರೆ ಬಿಡದ ಭಾಷಣಕಾರರಿಗೆ.

ನಮಗೆ ಈ ತೊಂದರೆಯೇ ಇಲ್ಲ. ಪಂಚಾಂಗದಲ್ಲಿ ಶುದ್ಧ, ಬಹುಳ ಅಂತ ಇದ್ದೇ ಇದೆ. ಮಗಳಿಗೆ "ಚಂದ್ರ 15 ದಿನ ಬೆಳೆಯುತ್ತಾನೆ, 15 ದಿನ ಕುಂದುತ್ತಾನೆ" ಅಂತ ಬರೆಯಲು ಹೇಳಿ. ಸೊನ್ನೆ ಕೊಟ್ಟದ್ದು ಮಾತ್ರ ಜಾಸ್ತಿ ಆಯ್ತು. ನಾನಾಗಿದ್ದರೆ ಅರ್ಧ ಮಾರ್ಕು ಕೊಟ್ಟು ಪಾಠ ಮಾಡುತ್ತಿದ್ದೆ.

ಸವದತ್ತಿ ಸೂರಿ
ಹಾಗಾದರೆ ನಮ್ಮ ಮನೆಯವರು ಪಾರ್ಲರಿಗೆ ಹೋಗೋದು ಬೆಳೆಯೋದಕ್ಕಾ?

ಶಾಂತಕ್ಕ ಚಿಕ್ಕೋಡಿ
ಬೆಳೆದದ್ದನ್ನು ಕೀಳೋದಕ್ಕೆ ತಮ್ಮಾ.

ನವನಗರ ಡ್ರೈವರ್
ವ್ಯಾಕ್ಸ್ ಅಂತ ನೋಡಿ ಬಂದೆ. ಬಿಳಿ ಕಾರು, ಐದು ವರ್ಷ ಹಳೇದು. ಬಾಗಲಕೋಟೆ ಬಿಸಿಲಿಗೆ ಮಂಕಾಗಿದೆ. ಯಾವ ವ್ಯಾಕ್ಸ್ ಹಚ್ಚಬೇಕು? ಗಟ್ಟಿದೋ, ನೀರಿನಂಥದ್ದೋ?

ನಿವೃತ್ತ ಪೋಸ್ಟ್ ಮಾಸ್ತರ್
ನನ್ನ 36 ವರ್ಷದ ನೌಕರಿಯಲ್ಲಿ ಅತಿ ಹೆಚ್ಚು ಸುಟ್ಟುಕೊಂಡದ್ದು ಇದರಿಂದಲೇ. ಸೀಲಿಂಗ್ ವ್ಯಾಕ್ಸ್. ಆದರೆ ಅದನ್ನು ನಾವು ಯಾವತ್ತೂ ಮೇಣ ಅಂದಿಲ್ಲ. ಅದು ಅರಗು. ಬೆಳಗಾವಿ ಕಡೆಯ ಹಳೇ ಸಿಬ್ಬಂದಿ ಲಾಖ ಅಂತಿದ್ದರು. ಕೆಂಪು ಕಡ್ಡಿ ಬರುತ್ತಿತ್ತು. ಅದನ್ನು ದೀಪಕ್ಕೆ ಹಿಡಿದು, ಇನ್ಷೂರ್ಡ್ ಪಾರ್ಸಲಿನ ಹೊಲಿಗೆ ಮೇಲೆ ಹನಿಸಿ, ಹಿತ್ತಾಳೆ ಸೀಲಿಗೆ ಸ್ವಲ್ಪ ಎಂಜಲು ಹಚ್ಚಿ ಒತ್ತಬೇಕು. ಎಂಜಲು ಹಚ್ಚದಿದ್ದರೆ ಸೀಲು ಅರಗಿಗೇ ಅಂಟಿಕೊಂಡು ಬರುತ್ತಿತ್ತು. ಹೊಸ ಹುಡುಗರು ಮೊದಲ ದಿನ ಬೆರಳು ಸುಟ್ಟುಕೊಂಡೇ ಕಲಿಯುತ್ತಿದ್ದರು.

ವ್ಯತ್ಯಾಸ ಇದು. ಮೇಣದ ಮೇಲೆ ಉಗುರು ಒತ್ತಿದರೆ ಗೆರೆ ಮೂಡುತ್ತದೆ. ಅರಗು ಆರಿದರೆ ಗಾಜಿನ ಹಾಗೆ, ಎಬ್ಬಿಸಲು ಹೋದರೆ ಚೂರು ಚೂರು. ಅದಕ್ಕೇ ಮುದ್ರೆಗೆ ಅದು ಬೇಕು. ಯಾರಾದರೂ ಬಿಚ್ಚಿದರೆ ಗೊತ್ತಾಗಲೇಬೇಕಲ್ಲ.

ಟಿಳಕವಾಡಿ ಅಪ್ಪ
ಇದು ಹೊಸ ವಿಷಯ ಸರ್. ಅಂದರೆ ಮಹಾಭಾರತದ ಅರಗಿನ ಮನೆ ಇದೇ ಅರಗಾ? ನಾನು ಮೇಣದ ಮನೆ ಅಂದುಕೊಂಡಿದ್ದೆ.

ಗೋಕಾಕ ಮಾಸ್ತರ್
ಇದೇ ಅರಗು. ಲಾಕ್ಷಾಗೃಹ. ಇಂಗ್ಲಿಷಿನಲ್ಲಿ ಕೆಲವರು ‘ವ್ಯಾಕ್ಸ್ ಹೌಸ್’ ಅಂತ ಬರೆದುಬಿಡುತ್ತಾರೆ, ಅಲ್ಲಿಂದ ಮೇಣದ ಮನೆ ಹುಟ್ಟುತ್ತದೆ. ಅರಗು ಮರದ ಕೊಂಬೆ ಮೇಲೆ ಸಾವಿರಾರು ಸಣ್ಣ ಹುಳ ಕೂತು ರಸ ಹೀರಿ ಮೈಮೇಲೆ ಕಟ್ಟಿಕೊಳ್ಳೋ ಗಟ್ಟಿ ಕವಚ. ಮುತ್ತಲ, ಬಾರಿಹಣ್ಣಿನ ಗಿಡ, ಕುಸುಮದ ಮರ, ಇಂಥವುಗಳ ಮೇಲೆ ಬರುತ್ತದೆ. ಅದು ರಾಳದ ಜಾತಿ. ಅದರೊಳಗೂ ಸ್ವಲ್ಪ ಮೇಣ ಇರುತ್ತದೆ ಅನ್ನೋದು ಬೇರೆ ಮಾತು.

ಅನಗೋಳ ಅಣ್ಣ
ಮೇಣ ಕನ್ನಡ ಪದವೇ ಅಲ್ಲ. ಮರಾಠಿ. ಮೇಣಬತ್ತಿ ಪೂರ್ತಿ ಮರಾಠಿ. ಕನ್ನಡದಲ್ಲಿ ಬೇರೆ ಇರಬೇಕು.

ಸವದತ್ತಿ ಸೂರಿ
ಶುರುವಾಯ್ತು.

ರಾಮತೀರ್ಥ ನಗರ
ಅಣ್ಣಾ, ದಕ್ಷಿಣಕ್ಕೆ ಮಂಡ್ಯಕ್ಕೆ ಹೋದರೂ ಮೇಣದಬತ್ತಿ ಅಂತಲೇ ಅಂತಾರೆ. ಅಲ್ಲಿಗೆ ಮರಾಠಿ ಯಾವಾಗ ಹೋಗಿತ್ತು?

ಅನಗೋಳ ಅಣ್ಣ
ಶಿವಾಜಿಯ ಅಪ್ಪ ಶಹಾಜಿ ಬೆಂಗಳೂರಿನಲ್ಲೇ ಇದ್ದರಲ್ಲ.

ನಿರ್ವಾಹಕ
ಗಡಿ ವಿಷಯಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೋಗಿ. ಇಲ್ಲಿ ಮೇಣ ಮಾತ್ರ.

ಗೋಕಾಕ ಮಾಸ್ತರ್
ಇಬ್ಬರೂ ಜಗಳ ಆಡೋದು ಬೇಡ. ಸಂಸ್ಕೃತದಲ್ಲಿ ಜೇನುಮೇಣಕ್ಕೆ ‘ಮದನ’ ಅಂತ ಒಂದು ಹೆಸರು. ಹೌದು, ಮನ್ಮಥನ ಹೆಸರೇ. ಅದು ಪ್ರಾಕೃತದಲ್ಲಿ ‘ಮಯಣ’ ಆಯ್ತು. ಮಯಣ ಸವೆದು ಮೇಣ ಆಯ್ತು. ಮರಾಠಿಗೂ ನಮಗೂ ಅಜ್ಜಿ ಒಬ್ಬಳೇ. ಯಾರೂ ಯಾರ ಮನೆಯಿಂದ ಕದ್ದಿಲ್ಲ.

ಅಂದ ಹಾಗೆ ಹಳಗನ್ನಡದಲ್ಲಿ ‘ಮೇಣ್’ ಅಂತ ಬಂದರೆ ಇದಲ್ಲ. ಅದಕ್ಕೆ ‘ಮತ್ತು, ಅಥವಾ’ ಅಂತ ಅರ್ಥ. ಒಬ್ಬ ವಿದ್ಯಾರ್ಥಿ ಹಳಗನ್ನಡ ಪದ್ಯದ ಅರ್ಥ ಬರೆಯುವಾಗ ಎಲ್ಲ ಕಡೆ ಮೇಣ ಸುರಿದಿದ್ದ. ಉತ್ತರ ಪತ್ರಿಕೆ ಪೂರ್ತಿ ಜಿಗಟು.

ಶಿರಸಿ ಸೊಸೆ
ನಾನು ಶಿರಸಿ ಕಡೆಯವಳು, ಮದುವೆಯಾಗಿ ಬಂದದ್ದು ಬೈಲಹೊಂಗಲಕ್ಕೆ. ನಮ್ಮೂರಲ್ಲಿ ಮೇಣ ಅಂದರೆ ಮೊದಲು ನೆನಪಾಗೋದು ಹಲಸಿನಕಾಯಿ! ಕೊಯ್ದಾಗ ಬಿಳಿ ಅಂಟು ಸುರಿಯುತ್ತದಲ್ಲ, ಅದೇ ಮೇಣ. ಕೈಗೆ, ಕತ್ತಿಗೆ ಎಣ್ಣೆ ಸವರಿಕೊಳ್ಳದೆ ಹಲಸು ಮುಟ್ಟಬಾರದು. ಮದುವೆಯಾದ ಹೊಸದರಲ್ಲಿ ಖಾನಾಪುರದಿಂದ ಯಾರೋ ಹಲಸು ತಂದಿದ್ದರು. ನಾನು "ಅತ್ತೆ, ಕೈಗೆ ಮೇಣ ಆಗುತ್ತೆ, ಎಣ್ಣೆ ಹಚ್ಚಿಕೊಳ್ಳಿ" ಅಂದೆ. ಅತ್ತೆ ನನ್ನ ಮುಖ ನೋಡಿ "ಹಣ್ಣಿನಾಗ ಎಲ್ಲಿ ಮೇಣಬತ್ತಿ ಬಂತ ಯವ್ವಾ" ಅಂದರು. ಹತ್ತು ನಿಮಿಷದಲ್ಲಿ ಅವರಿಗೇ ಗೊತ್ತಾಯ್ತು. ಬಳೆಗೆಲ್ಲ ಹತ್ತಿತ್ತು.

ಖಾನಾಪುರ ಕಾಡು
ಅದಕ್ಕೆ ನಾವು ಚೀಕು ಅಂತೀವಿ, ಮರಾಠಿಯಲ್ಲಿ ಚೀಕ. ಸೀಮೆಎಣ್ಣೆ ಹಚ್ಚಿದರೆ ಹೋಗುತ್ತಿತ್ತು. ಈಗ ಸೀಮೆಎಣ್ಣೆ ಎಲ್ಲಿ ಸಿಗುತ್ತೆ.

ನವನಗರ ಡ್ರೈವರ್
ಕಾರಿನದ್ದು ಯಾರಾದರೂ ಹೇಳ್ರಪ್ಪಾ.

ಪತ್ತಾರ ಓಣಿ
ಪೋಸ್ಟ್ ಮಾಸ್ತರ್ ಹೇಳಿದ್ದು ಸರಿ. ಅರಗು ಇಲ್ಲದೆ ನಮ್ಮ ಧಂದೆಯೇ ಇಲ್ಲ. ನಮ್ಮದು ಮೂರು ತಲೆಮಾರಿನಿಂದ ಪತ್ತಾರಿಕೆ. ಬೆಳ್ಳಿ ತಗಡಿನ ಮೇಲೆ ಉಬ್ಬು ಕೆಲಸ ಮಾಡಬೇಕಾದರೆ ತಗಡನ್ನು ಬಿಸಿ ಅರಗಿನ ಹಾಸಿಗೆ ಮೇಲೆ ಕೂರಿಸಿ ಉಳಿ ಹೊಡೀತೀವಿ. ಅರಗು ಕೆಳಗಿಂದ ಹಿಡಿದುಕೊಳ್ಳುತ್ತದೆ, ಆದರೆ ಉಳಿಗೆ ಸ್ವಲ್ಪ ಜಾಗವನ್ನೂ ಬಿಟ್ಟುಕೊಡುತ್ತದೆ. ಕಟ್ಟಿಗೆ ಮೇಲೆ ಇಟ್ಟು ಹೊಡೆದರೆ ತಗಡು ಹರಿದು ಹೋಗುತ್ತದೆ.

ಇನ್ನು ಬೋರಮಾಳ. ನಮ್ಮ ಕಡೆ ಅಜ್ಜಿಯರ ಕೊರಳಲ್ಲಿ ಇದ್ದೇ ಇರುತ್ತಿತ್ತು. ಬಾರಿಹಣ್ಣಿನ ಆಕಾರದ ಗುಂಡು. ನೋಡೋಕೆ ತುಂಬಿದ ಬಂಗಾರ. ಒಳಗೆ ಅರಗು. ತೆಳು ಬಂಗಾರದ ಚಿಪ್ಪು ಮಾಡಿ, ಒಳಗೆ ಅರಗು ತುಂಬಿದರೆ ಗುಂಡು ನೆಗ್ಗುವುದಿಲ್ಲ, ಕಡಿಮೆ ಬಂಗಾರದಲ್ಲಿ ಕೊರಳು ತುಂಬಿ ಕಾಣುತ್ತದೆ. ಇದು ಮೋಸ ಅಲ್ಲ, ಆ ಸರ ಮಾಡೋ ಪದ್ಧತಿಯೇ ಅದು. ಮೋಸ ಆಗೋದು ತೂಕದಲ್ಲಿ. ಅರಗಿನ ತೂಕಕ್ಕೂ ಬಂಗಾರದ ರೇಟು ಹಾಕಿದರೆ ಮೋಸ. ಕೊಳ್ಳುವಾಗ ಚೀಟಿಯಲ್ಲಿ ಬಂಗಾರ ಎಷ್ಟು, ಅರಗು ಎಷ್ಟು ಅಂತ ಬೇರೆ ಬೇರೆ ಬರೆಸಿಕೊಳ್ಳಿ.

ಶಾಂತಕ್ಕ ಚಿಕ್ಕೋಡಿ
ಅಣ್ಣಾ, ಇದನ್ನು ಇಪ್ಪತ್ತು ವರ್ಷದ ಹಿಂದೆ ಹೇಳಬೇಕಿತ್ತು ನೀವು. ನಮ್ಮ ಅತ್ತೆಯ ಬೋರಮಾಳ ಮಾರಲು ಒಂದು ಅಂಗಡಿಗೆ ಹೋಗಿದ್ದೆವು. ಆತ ಕಣ್ಣೆದುರಿಗೇ ಉರಿ ಹಿಡಿದ. ಒಳಗಿಂದ ಕಪ್ಪು ಅರಗು ಸೊರ್ ಅಂತ ಸುರಿಯಿತು, ಹೊಗೆ ಬೇರೆ. ತಕ್ಕಡಿಗೆ ಹಾಕಿದರೆ ಮೊದಲಿನ ಅರ್ಧವೂ ಇರಲಿಲ್ಲ. ಅತ್ತೆ ಅಲ್ಲೇ ಕೂತು ಅತ್ತರು. ರೊಕ್ಕ ಹೋಯ್ತು ಅಂತ ಅಲ್ಲ. "ನಲವತ್ತು ವರ್ಷ ಅರಗು ಹೊತ್ತುಕೊಂಡು ತಿರುಗಿದೆನಲ್ಲೇ" ಅಂತ.

ಸವದತ್ತಿ ಸೂರಿ
ಕೌರವರು ಮನೆಗೆ ಹಾಕಿದರು, ಇವರು ಸರಕ್ಕೆ ಹಾಕಿದರು. ಉರಿ ಹಿಡಿದ ಮೇಲೆಯೇ ಗೊತ್ತಾಗೋದು.

ಪತ್ತಾರ ಓಣಿ
ಸೂರಿ, ಕೊಟ್ಟ ದಿನ ಹೇಳಿ ಕೊಟ್ಟರೆ ಕೌರವ ಅಲ್ಲ.

ತಿಕೋಟಾ ದ್ರಾಕ್ಷಿ
ಎಲ್ಲರೂ ಜೇನು, ಹುಳ ಅಂತಿದ್ದೀರಿ. ಗಿಡವೂ ಮೇಣ ಮಾಡುತ್ತದೆ. ದ್ರಾಕ್ಷಿ ಮೇಲೆ ಬೂದಿಯಂಥ ಬಿಳಿ ಪದರ ನೋಡಿದ್ದೀರಲ್ಲ, ಪೇಟೆಯವರು ಔಷಧ ಅಂದುಕೊಂಡು ಹೆದರುತ್ತಾರೆ. ಔಷಧದ ಕಲೆಯೂ ಇರಬಹುದು, ತೊಳೆದೇ ತಿನ್ನಿ. ಆದರೆ ಎಲ್ಲ ಹಣ್ಣಿನ ಮೇಲೂ ಒಂದೇ ಸಮ ಇರೋ ಆ ಬೂದಿ ಹಣ್ಣಿನದೇ ಮೇಣ. ಒಳಗಿನ ನೀರು ಆರಿ ಹೋಗದ ಹಾಗೆ ಕಾಯುತ್ತದೆ.

ಒಣದ್ರಾಕ್ಷಿ ಮಾಡೋರಿಗೆ ಈ ಮೇಣವೇ ವೈರಿ. ಹಾಗೇ ಒಣಗಲು ಹಾಕಿದರೆ ವಾರಗಟ್ಟಲೆ ಒಣಗೋದೇ ಇಲ್ಲ, ಬಣ್ಣವೂ ಕಂದು. ಅದಕ್ಕೇ ನಾವು 100 ಲೀಟರ್ ನೀರಿಗೆ ಎರಡೂವರೆ ಕೆಜಿ ಪೊಟ್ಯಾಸಿಯಂ ಕಾರ್ಬೊನೇಟ್, ಒಂದೂವರೆ ಲೀಟರ್ ಡಿಪ್ಪಿಂಗ್ ಆಯಿಲ್ ಹಾಕಿ, ಗೊಂಚಲು ಎರಡು ಮೂರು ನಿಮಿಷ ಅದ್ದಿ ತೆಗೆದು, ಶೆಡ್ಡಿನ ಜಾಳಿಗೆ ಮೇಲೆ ಹರಡುತ್ತೇವೆ. ಆ ನೀರು ಮೇಣದ ಪದರ ಸಡಿಲ ಮಾಡುತ್ತದೆ, ಹಣ್ಣಿನ ನೀರಿಗೆ ಹೊರಗೆ ಬರಲು ದಾರಿ ಆಗುತ್ತದೆ. ಹದಿನೈದು ದಿನದ ಸುಮಾರಿಗೆ ಹಸಿರು ಮನುಕ ತಯಾರು. ನಮ್ಮಪ್ಪ ಇದಕ್ಕೆ "ಹಣ್ಣಿನ ಅಂಗಿ ಬಿಚ್ಚೋದು" ಅಂತಿದ್ದರು.

ಈ ಸಲ ಫೆಬ್ರುವರಿಯಲ್ಲಿ ಮೋಡ ಆಗಿ ಅರ್ಧ ಮಾಲು ಕಪ್ಪಾಯ್ತು. ಅದನ್ನು ಹೇಳಿದರೆ ಬೇರೆ ಎಳೆಯೇ ಆಗುತ್ತದೆ.

ಮುಧೋಳ ಕಬ್ಬು
ಕಬ್ಬಿಗೂ ಇದೆ ಅಣ್ಣಾ. ಗಣಿಕೆಯ ಕೆಳಗೆ ಬಿಳಿ ಉಂಗುರ, ಬೆರಳಿಂದ ಕೆರೆದರೆ ಪುಡಿ ಬರುತ್ತದೆ. ಅದು ಮೇಣ. ಕಬ್ಬು ಅರೆದಾಗ ರಸದ ಜೊತೆ ಹೋಗಿ ಕೊನೆಗೆ ರಸ ಸೋಸಿದ ಮೇಲೆ ಉಳಿಯೋ ಮಡ್ಡಿ, ಅಂದರೆ ಪ್ರೆಸ್‌ಮಡ್ಡಿನಲ್ಲಿ ಸೇರುತ್ತದೆ. ಪ್ರೆಸ್‌ಮಡ್ಡಿನಿಂದ ಮೇಣ ತೆಗೆದು ಪಾಲಿಶಿಗೆ, ಸೌಂದರ್ಯದ ಸಾಮಾನಿಗೆ ಹಾಕುತ್ತಾರೆ. ನಮ್ಮ ಕಡೆ ಯಾರೂ ತೆಗೆಯೋದು ನಾನಂತೂ ನೋಡಿಲ್ಲ. ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದು ಹೊಲಕ್ಕೆ ಹಾಕುತ್ತೇವೆ. ಹಸಿದು ಹಾಕಬೇಡಿ, ಕೊಳೆಸಿ ಹಾಕಿ.

ಗಾಂಧಿಚೌಕ ವಿಜಯಪುರ
ಹಣ್ಣಿನ ಮೇಣ ಅಂದರೆ ನೆನಪಾಯ್ತು. ಸೇಬಿಗೆ ಮೇಣಬತ್ತಿ ಕರಗಿಸಿ ಹಚ್ಚುತ್ತಾರೆ. ಚಾಕುವಿನಿಂದ ಕೆರೆದರೆ ಬಿಳಿ ಬಿಳಿ ಬರುತ್ತದೆ. ನಮ್ಮ ಗ್ರೂಪಿನಲ್ಲಿ ವಿಡಿಯೋ ಬಂದಿತ್ತು. ವಿಷ ತಿನ್ನಿಸುತ್ತಿದ್ದಾರೆ!

ತಿಕೋಟಾ ದ್ರಾಕ್ಷಿ
ಸೇಬಿಗೆ ಹುಟ್ಟಿನಿಂದಲೇ ಮೇಣ ಇರುತ್ತದೆ. ಪ್ಯಾಕ್ ಮಾಡೋ ಮುಂಚೆ ತೊಳೆದಾಗ ಅದು ಹೋಗುತ್ತದೆ, ಆಗ ಮೇಲಿಂದ ತೆಳುವಾಗಿ ಹಚ್ಚುತ್ತಾರೆ. ಜೇನುಮೇಣ, ಅರಗಿನ ಶೆಲ್ಲಾಕ್, ಬ್ರೆಜಿಲ್ ದೇಶದ ಒಂದು ತಾಳೆ ಎಲೆಯಿಂದ ಬರೋ ಕಾರ್ನೌಬಾ ಮೇಣ. ಇವಕ್ಕೆ ನಮ್ಮ ದೇಶದ ಆಹಾರ ನಿಯಮದಲ್ಲೂ ಮಿತಿಯೊಳಗೆ ಒಪ್ಪಿಗೆ ಇದೆ. ಚಾಕಲೇಟ್ ಗೋಲಿ, ಔಷಧದ ಗುಳಿಗೆ ಮಿಂಚೋದೂ ಹೀಗೇ.

ಗಾಂಧಿಚೌಕ ವಿಜಯಪುರ
ನೀವು ಬೆಳೆಗಾರರು, ಹಾಗೇ ಹೇಳುತ್ತೀರಿ.

ತಿಕೋಟಾ ದ್ರಾಕ್ಷಿ
ನಾನು ದ್ರಾಕ್ಷಿ ಬೆಳೆಯೋದು ಸರ್, ಸೇಬು ಅಲ್ಲ. ತಿಕೋಟಾದಲ್ಲಿ ಸೇಬು ಬೆಳೆದ ದಿನ ನಿಮಗೇ ಮೊದಲ ಬುಟ್ಟಿ ಕಳಿಸುತ್ತೇನೆ. ಬಿಸಿನೀರಲ್ಲಿ ಉಜ್ಜಿ ತೊಳೆದು ತಿನ್ನಿ, ಇಲ್ಲ ಸಿಪ್ಪೆ ತೆಗೆಯಿರಿ. ಜಗಳ ಮುಗೀತು.

ಮೋಂಬತ್ತಿ ಅಕ್ಕ
ನಾನು ವಿಜಯಪುರದವಳು. ನಮ್ಮ ಸ್ವಸಹಾಯ ಸಂಘದಿಂದ ಆರು ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ. ನಮ್ಮ ಓಣಿಯಲ್ಲಿ ಮೋಂಬತ್ತಿ ಅಂತಲೇ ಅನ್ನೋದು, ಮನೆಯಲ್ಲಿ ಕನ್ನಡ ಮಾತಾಡೋರೂ ಹಾಗೇ. ಉರ್ದು ಮೋಮ್ ಅಂದರೆ ಮೇಣ. ಮೊದಲು ಮಳೆಗೆ ಹೊದಿಸುತ್ತಿದ್ದ ಮೇಣದ ಬಟ್ಟೆಗೆ ನಮ್ಮ ಪಕ್ಕದ ಮನೆ ಚಾಚಿ ಮೋಮ್‌ಜಾಮಾ ಅಂತಿದ್ದಳು.

ಹೇಳಬೇಕಾದ್ದು ಏನೆಂದರೆ, ಈಗಿನ ಮೇಣದಬತ್ತಿಗೂ ಜೇನಿಗೂ ಸಂಬಂಧವೇ ಇಲ್ಲ. ಅದು ಪ್ಯಾರಾಫಿನ್. ಕಚ್ಚಾ ತೈಲ ಶುದ್ಧ ಮಾಡುವಾಗ ಬರುತ್ತದೆ, ಪೆಟ್ರೋಲ್ ಡೀಸೆಲ್ ಬಂದ ಮನೆಯಿಂದಲೇ. ಚಪ್ಪಡಿ ಲೆಕ್ಕದಲ್ಲಿ ಸಿಗುತ್ತದೆ. ಕರಗೋ ಬಿಸಿ ನೋಡಿ ಕೊಳ್ಳಬೇಕು. ಮೊದಲ ವರ್ಷ ನಮಗೆ ಅದು ಗೊತ್ತಿರಲಿಲ್ಲ. ಸ್ವಸ್ತಾ ಇತ್ತು ಅಂತ ಮೆತ್ತಗಿನ ಮಾಲು ತಂದು 800 ಬತ್ತಿ ಹಾಕಿ ತಗಡಿನ ಕೋಣೆಯಲ್ಲಿ ಇಟ್ಟೆವು. ಏಪ್ರಿಲ್ ತಿಂಗಳು. ವಿಜಯಪುರದ ಏಪ್ರಿಲ್ ನಿಮಗೆ ಗೊತ್ತಲ್ಲ, ಹೊರಗೇ 40 ದಾಟಿರುತ್ತದೆ, ತಗಡಿನ ಕೆಳಗೆ ಕೇಳಬೇಡಿ. ನಾಲ್ಕು ದಿನ ಬಿಟ್ಟು ಬಾಗಿಲು ತೆಗೆದರೆ ಒಂದೂ ನೆಟ್ಟಗಿಲ್ಲ. ಎಲ್ಲ ಬಾಗಿ ಬಾಳೆಹಣ್ಣಿನ ಗೊನೆ ಆಗಿದ್ದವು. ಒಬ್ಬಳು ನಕ್ಕಳು, ಉಳಿದವರು ಅತ್ತೆವು. ಪುಣ್ಯಕ್ಕೆ ಮೇಣ ಕೆಟ್ಟು ಹೋಗೋದಿಲ್ಲ. ಮತ್ತೆ ಕರಗಿಸಿ ಹಾಕಿದೆವು. ಈಗ ಬೇಸಿಗೆಗೆ ಗಟ್ಟಿ ಗ್ರೇಡು ತಂದು ಸ್ವಲ್ಪ ಸ್ಟಿಯರಿಕ್ ಆ್ಯಸಿಡ್ ಸೇರಿಸುತ್ತೇವೆ, ಬತ್ತಿ ನೆಟ್ಟಗೆ ನಿಲ್ಲುತ್ತದೆ, ಅಚ್ಚಿನಿಂದಲೂ ಸಲೀಸಾಗಿ ಬಿಡುತ್ತದೆ.

ಬರೀ ಜೇನುಮೇಣದ ಬತ್ತಿ ಒಮ್ಮೆ ಮಾಡಿದೆವು. ವಾಸನೆ ಬಹಳ ಚಂದ. ರೇಟು ಹೇಳಿದರೆ ಗಿರಾಕಿ ಓಡುತ್ತಾನೆ.

ಹುಕ್ಕೇರಿ ಜೇನುಪೆಟ್ಟಿಗೆ
ಓಡಲೇಬೇಕು ಅಕ್ಕಾ! ಒಂದು ಕೆಜಿ ಮೇಣ ಕಟ್ಟಲು ಹುಳಗಳು ಆರೇಳು ಕೆಜಿ ಜೇನು ತಿನ್ನುತ್ತವೆ. ಹೂವಿನಿಂದ ತರೋದಲ್ಲ ಅದು. ಎರಡು ವಾರದ ಆಸುಪಾಸಿನ ಕೆಲಸಗಾರ ಹುಳದ ಹೊಟ್ಟೆಯ ಅಡಿಯಿಂದ ಸಣ್ಣ ಹೊಟ್ಟಿನಂಥ ಚೂರು ಹೊರಬರುತ್ತದೆ. ಅದನ್ನು ಬಾಯಿಗೆ ತಂದು ಅಗಿದು ಅಗಿದು ಗೂಡು ಕಟ್ಟುತ್ತದೆ. 62–64 ಡಿಗ್ರಿಗೆ ಕರಗುತ್ತದೆ. ಜೇನುಹುಟ್ಟು ಹಿಂಡಿ ಮೇಣ ಎಸೆಯೋರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಚಪ್ಪಲಿ ಹೊಲಿಯೋರಿಗಾದರೂ ಕೊಡಿ, ನೂಲಿಗೆ ಉಜ್ಜಿದರೆ ನೀರು ಹಿಡಿಯೋದಿಲ್ಲ, ಸೂಜಿಯೂ ಸಲೀಸು.

ಗೋಕಾಕ ಮಾಸ್ತರ್
ಸಂಸ್ಕೃತದಲ್ಲಿ ಮೇಣಕ್ಕೆ ಇನ್ನೊಂದು ಹೆಸರು ಮಧೂಚ್ಛಿಷ್ಟ. ಅಂದರೆ ಜೇನಿನ ಎಂಜಲು. ಕಂಚಿನ ಮೂರ್ತಿಯನ್ನು ಮೊದಲು ಇದೇ ಎಂಜಲಿನಲ್ಲಿ ತಿದ್ದಿ, ಮೇಲೆ ಮಣ್ಣು ಮೆತ್ತಿ, ಬಿಸಿ ಮಾಡಿ ಮೇಣ ಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಇದರ ಕ್ರಮ ಇದೆ. ಮೊದಲು ಮೇಣದ ತೂಕ ನೋಡಿ, ಅದರ ಮೇಲೆ ಲೋಹ ಎಷ್ಟು ಬೇಕು ಅಂತ ಲೆಕ್ಕ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ನಮ್ಮ ಈ ಮೂರು ಜಿಲ್ಲೆಗಳೂ ಆಗ ಅವರ ಆಳ್ವಿಕೆಯಲ್ಲೇ ಇದ್ದವು. ಮಡಿ ಮೈಲಿಗೆ ನೋಡೋರ ದೇವರೂ ಮೊದಲು ಹುಟ್ಟೋದು ಹುಳದ ಎಂಜಲಿನಲ್ಲಿ, ನೋಡಿ.

ಶಾಂತಕ್ಕ ಚಿಕ್ಕೋಡಿ
ಮಾಸ್ತರೇ, ಇದನ್ನು ನಮ್ಮ ಅತ್ತೆ ಎದುರಿಗೆ ಹೇಳಬೇಡಿ. ಬೋರಮಾಳದ ದುಃಖವೇ ಇನ್ನೂ ಆರಿಲ್ಲ.

ಕಿವಿ ಕಂಪೌಂಡರ್
ಟಿಳಕವಾಡಿ ಸರ್ ಅವರ ತಾಯಿ ಹೇಳಿದ್ದಕ್ಕೆ ಯಾರೂ ಉತ್ತರ ಕೊಡಲೇ ಇಲ್ಲ. ಕಿವಿಯದ್ದಕ್ಕೆ ಕನ್ನಡದಲ್ಲಿ ಚಂದದ ಪದ ಇದೆ, ಗುಗ್ಗೆ. ನಮ್ಮ ಕಡೆ ಗುಗ್ಗಿ. ಅದು ಮೇಣವೂ ಅಲ್ಲ, ಕೊಳೆಯೂ ಅಲ್ಲ. ಕಿವಿಯ ಚರ್ಮದ ಗ್ರಂಥಿಗಳ ಜಿಡ್ಡು ಮತ್ತು ಉದುರಿದ ಚರ್ಮ ಸೇರಿ ಆಗೋದು. ಧೂಳು, ಹುಳ ಒಳಗೆ ಹೋಗದ ಹಾಗೆ ತಡೆಯುತ್ತದೆ. ಅಗಿಯುವಾಗ, ಮಾತಾಡುವಾಗ ದವಡೆ ಆಡಿ ತಾನೇ ಹೊರಗೆ ಬರುತ್ತದೆ. ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಬರೋರಲ್ಲಿ ಬಹಳ ಜನ ಹತ್ತಿ ಕಡ್ಡಿ ಹಾಕಿ ತಾವೇ ಒಳಗೆ ತಳ್ಳಿಕೊಂಡವರು. ಒಬ್ಬ ಮೋಟರ್ ಸೈಕಲ್ ಚಾವಿ ಹಾಕಿಕೊಂಡು ಬಂದಿದ್ದ. ಚಾವಿ ಹಾಕಿ ಕಿವಿ ಸ್ಟಾರ್ಟ್ ಮಾಡಬೇಡ್ರಿ ಮಾರಾಯರೇ.

ರಾಮತೀರ್ಥ ನಗರ
ಗುಗ್ಗೆ! ಎಷ್ಟು ವರ್ಷ ಆಯ್ತು ಈ ಪದ ಕೇಳಿ. ನಾವೂ ಈಗ ‘ಇಯರ್ ವ್ಯಾಕ್ಸ್’ ಅಂತಲೇ ಅಂತೀವಿ.

ಬ್ಯೂಟಿ ಪಾರ್ಲರ್ ಜಮಖಂಡಿ
ಪಾರ್ಲರಿನದ್ದೂ ಹೇಳಿಬಿಡುತ್ತೇನೆ. ನಾವು ಡಬ್ಬಿಯಲ್ಲಿ ಬಿಸಿ ಮಾಡಿ ಹಚ್ಚೋ ಹಳೇ ಪದ್ಧತಿಯ ವ್ಯಾಕ್ಸಿನಲ್ಲಿ ಮೇಣವೇ ಇಲ್ಲ! ಸಕ್ಕರೆ, ಲಿಂಬೆ ರಸ, ನೀರು. ಪಾಕ ಕೆಂಪಾಗಿ ಎಳೆ ಬರೋ ತನಕ ಕುದಿಸೋದು. ಈಗ ಬರೋ ಬೇರೆ ಡಬ್ಬಿಗಳಲ್ಲಿ ರಾಳ, ಮೇಣ ಇರುತ್ತದೆ, ಆದರೆ ನಾನು ಕಲಿತದ್ದು ಸಕ್ಕರೆ ಪಾಕದಲ್ಲೇ. ಹದ ತಪ್ಪಿದರೆ ಕೂದಲು ಬರೋದಿಲ್ಲ, ಗಿರಾಕಿಯ ಬೈಗುಳ ಬರುತ್ತದೆ.

ಮುಧೋಳ ಕಬ್ಬು
ಅಂದರೆ ನಮ್ಮ ಸಕ್ಕರೆ, ಇಂಡಿ ಲಿಂಬೆ. ಪೂರ್ತಿ ಲೋಕಲ್ ಮಾಲು.

ಸವದತ್ತಿ ಸೂರಿ
ಅಕ್ಕಾ, ನಾಲ್ಕು ಶೇಂಗಾ ಹಾಕಿದರೆ ಚಿಕ್ಕಿ.

ಬೀಳಗಿ ರೆಕಾರ್ಡು
ಅರಗಿನ ಮಾತು ಬಂದಾಗಿಂದ ಕೈ ತುರಿಸುತ್ತಿದೆ. ನನ್ನ ಹುಚ್ಚು ಹಳೇ ಗ್ರಾಮಾಫೋನ್ ರೆಕಾರ್ಡು. ನಿಮಿಷಕ್ಕೆ 78 ಸುತ್ತು ತಿರುಗೋ ಕಪ್ಪು ತಟ್ಟೆಗಳಿವೆಯಲ್ಲ, ಅವು ಪ್ಲಾಸ್ಟಿಕ್ ಅಲ್ಲ. ಅರಗು! ಶೆಲ್ಲಾಕಿಗೆ ಕಲ್ಲಿನ ಪುಡಿ, ನಾರು, ಮಸಿ ಸೇರಿಸಿ ಒತ್ತಿದ್ದು. ಕೈ ತಪ್ಪಿದರೆ ಹಂಚಿನ ಹಾಗೆ ಒಡೆಯುತ್ತದೆ. ಹಾಡು ಹಿಡಿಯೋದು ಮಾತ್ರ ಮೇಣದ ಮೇಲೆ. ದಪ್ಪ ಮೇಣದ ತಟ್ಟೆ ತಿರುಗುತ್ತಿದ್ದರೆ ಸೂಜಿ ಗೆರೆ ಕೊರೆಯುತ್ತಿತ್ತು. ಅದರ ಮೇಲೆ ಲೋಹ ಕೂರಿಸಿ ಅಚ್ಚು ತೆಗೆದು, ಆ ಅಚ್ಚಿನಿಂದ ಅರಗಿನ ತಟ್ಟೆ ಒತ್ತುತ್ತಿದ್ದರು. ಹಾಡು ಮೊದಲು ಮೇಣ, ಆಮೇಲೆ ಅರಗು.

ನಮ್ಮ ಬೀಳಗಿಯ ಅಮೀರ್‌ಬಾಯಿ ಕರ್ನಾಟಕಿ ಹಾಡಿದ್ದು ಹೀಗೇ. ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟರಲ್ಲೇ ಎಲ್ಲ ಹೇಳಿ ಮುಗಿಸಬೇಕು. 1940ರ ದಶಕದಲ್ಲಿ ಮುಂಬೈ ಸಿನಿಮಾದಲ್ಲಿ ಆಕೆಯದೇ ದನಿ.

ಗಾಂಧಿಚೌಕ ವಿಜಯಪುರ
ಅವರ ಅಕ್ಕ ಗೋಹರ್‌ ಅಲ್ಲವೇ ಭಾರತದ ಮೊದಲ ರೆಕಾರ್ಡ್ ಹಾಡಿದ್ದು?

ಬೀಳಗಿ ರೆಕಾರ್ಡು
ಎಲ್ಲರೂ ಇಲ್ಲೇ ಎಡವೋದು. ನೀವು ಹೇಳೋದು ಗೌಹರ್ ಜಾನ್, 1902ರಲ್ಲಿ ಕೋಲ್ಕತ್ತದಲ್ಲಿ ಭಾರತದ ಮೊದಮೊದಲ ರೆಕಾರ್ಡು ಹಾಡಿದವರಲ್ಲಿ ಒಬ್ಬರು. ಆಕೆ ಕೊನೆಗೆ ತೀರಿಕೊಂಡದ್ದು ಮೈಸೂರಿನಲ್ಲಿ. ನಮ್ಮ ಬೀಳಗಿಯವರು ಗೋಹರ್‌ಬಾಯಿ ಕರ್ನಾಟಕಿ, ಅಮೀರ್‌ಬಾಯಿಯ ಸಹೋದರಿ, ಬಾಲಗಂಧರ್ವರ ನಾಟಕಗಳಲ್ಲಿ ಪಾತ್ರ ಮಾಡಿದವರು. ನಮ್ಮ ಮಾವನ ಮನೆ ಅಟ್ಟದಲ್ಲಿ ಒಂದು ಟ್ರಂಕು ರೆಕಾರ್ಡು ಇದ್ದವು. ಮಕ್ಕಳು ಬಿಸಿಲಲ್ಲಿ ಇಟ್ಟಿದ್ದರಿಂದ ಅರ್ಧ ಸೊಟ್ಟಗಾಗಿದ್ದವು. ಮೋಂಬತ್ತಿ ಅಕ್ಕನ ಬಾಳೆಹಣ್ಣು ಓದಿ ಅದೇ ನೆನಪಾಯ್ತು.

ನಿಪ್ಪಾಣಿ ನಾನಾ
ಮೇಣದ ಗೊಂಬೆ ನೋಡಬೇಕಾದರೆ ಕೊಲ್ಹಾಪುರ ಹತ್ತಿರ ಕನ್ಹೇರಿ ಮಠಕ್ಕೆ ಹೋಗಿ. ಹೊಲ ಉಳೋರು, ಕುಂಬಾರರು, ಎತ್ತು, ಎಲ್ಲ ಜೀವಂತ ಇದ್ದ ಹಾಗೆ. ವ್ಯಾಕ್ಸ್ ಮ್ಯೂಸಿಯಂ!

ರಾಮತೀರ್ಥ ನಗರ
ಅವು ಮೇಣದವಲ್ಲ ನಾನಾ, ಸಿಮೆಂಟು. ಬಯಲಲ್ಲಿ ಬಿಸಿಲು ಮಳೆಯಲ್ಲಿ ನಿಂತಿವೆ. ಮೇಣ ಆಗಿದ್ದರೆ ಮೇ ತಿಂಗಳಲ್ಲಿ ಎತ್ತು ಕೂತುಬಿಡುತ್ತಿತ್ತು.

ನಿಪ್ಪಾಣಿ ನಾನಾ
ಎಲ್ಲರೂ ವ್ಯಾಕ್ಸ್ ಮ್ಯೂಸಿಯಂ ಅಂತಲೇ ಅಂತಾರಲ್ಲ ಮತ್ತೆ! ನಾಲ್ಕು ಸಲ ಹೋಗಿ ಬಂದಿದ್ದೇನೆ.

ಕಾಲೇಜ್ ರೋಡ್
ಮೂರ್ತಿ ಅಂದರೆ ನೆನಪಾಯ್ತು. ‘ಸಿನ್ಸಿಯರ್’ ಅನ್ನೋ ಪದ ಬಂದದ್ದೇ ‘ಮೇಣ ಇಲ್ಲದ್ದು’ ಅನ್ನೋ ಲ್ಯಾಟಿನ್ ಮಾತಿನಿಂದ. ಶಿಲ್ಪಿಗಳು ಕಲ್ಲಿನ ಬಿರುಕಿಗೆ ಮೇಣ ತುಂಬಿ ಮಾರುತ್ತಿದ್ದರಂತೆ. ತುಂಬದವನು ಸಿನ್ಸಿಯರ್.

ಗೋಕಾಕ ಮಾಸ್ತರ್
ಕಥೆ ಚಂದ, ಆದರೆ ಕಥೆಯೇ. ಆ ಲ್ಯಾಟಿನ್ ಪದಕ್ಕೆ ಶುದ್ಧ, ಕಲಬೆರಕೆ ಇಲ್ಲದ್ದು ಅಂತ ಅರ್ಥ. ಶಿಲ್ಪಿಗಳ ಕಥೆಗೆ ಆಧಾರ ಇಲ್ಲ.

ಪತ್ತಾರ ಓಣಿ
ಹಾಗೆ ನೋಡಿದರೆ ಬೋರಮಾಳ ಮಾಡೋ ನಾವು ಯಾರೂ ಸಿನ್ಸಿಯರ್ ಅಲ್ಲ.

ಟಿಳಕವಾಡಿ ಅಪ್ಪ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳಿಗೆ ಎಲ್ಲ ಓದಿ ಹೇಳಿದೆ. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಂಡಳು. ಬತ್ತಿಯದ್ದು ಮೇಣ, ಸೀಲಿನದ್ದು ಅರಗು, ಕಿವಿಯದ್ದು ಗುಗ್ಗೆ, ಪಾರ್ಲರಿನದ್ದು ಪಾಕ, ಚಂದ್ರನದ್ದು ಬೆಳೆಯೋದು. ಆಮೇಲೆ ಬೆಳಿಗ್ಗೆ ಕ್ಲಾಸಿನಲ್ಲಿ ಎದ್ದು ನಿಂತು "ಮಿಸ್, ಇಂಗ್ಲಿಷಿನವರಿಗೆ ಪದ ಸಾಲದೇ ಒಂದರಲ್ಲೇ ಎಲ್ಲ ಮುಗಿಸಿದ್ದಾರೆ" ಅಂದಳಂತೆ. ಮಿಸ್ ಅರ್ಧ ಮಾರ್ಕು ಕೊಟ್ಟರಂತೆ. ಗೋಕಾಕ ಮಾಸ್ತರ್ ಹೇಳಿದಷ್ಟೇ!

ನಮ್ಮ ಅವ್ವ ಮಾತ್ರ ಈಗ ತನ್ನ ಬೋರಮಾಳ ಕೈಯಲ್ಲಿ ಹಿಡಿದು ತೂಗಿ ತೂಗಿ ನೋಡುತ್ತಿದ್ದಾಳೆ. ಅದಕ್ಕೆ ನೀವೇ ಹೊಣೆ.

ಪತ್ತಾರ ಓಣಿ
ಉರಿ ಹಿಡಿಯಲು ಬಿಡಬೇಡಿ ಸರ್. ಮಾರೋದಿಲ್ಲ ಅಂದರೆ ಒಳಗಿನ ಅರಗು ಒಳಗೇ ಇರಲಿ.

ಬ್ಯೂಟಿ ಪಾರ್ಲರ್ ಜಮಖಂಡಿ
ಆ ಕಾರಿನ ಅಣ್ಣನಿಗೆ ಯಾರಾದರೂ ಹೇಳಿ ಪಾಪ, ನಿನ್ನೆಯಿಂದ ಕೇಳುತ್ತಿದ್ದಾರೆ.

ಹುಕ್ಕೇರಿ ಜೇನುಪೆಟ್ಟಿಗೆ
ನಾನು ಹೇಳುತ್ತೇನೆ. ಕಾರ್ನೌಬಾ ಇರೋ ಗಟ್ಟಿ ವ್ಯಾಕ್ಸ್ ತಗೊಳ್ಳಿ, ಅದು 80 ಡಿಗ್ರಿ ದಾಟಿದ ಮೇಲೆಯೇ ಕರಗೋದು. ಮೊದಲು ಕಾರು ತೊಳೆದು ಪೂರ್ತಿ ಒಣಗಿಸಿ. ನೆರಳಲ್ಲಿ ನಿಲ್ಲಿಸಿ, ಬಾನೆಟ್ ತಣ್ಣಗಾದ ಮೇಲೆ ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮೆತ್ತನೆ ಬಟ್ಟೆಯಿಂದ ಒರೆಸಿ. ಬಿಸಿಲಲ್ಲಿ ಮಾತ್ರ ಹಚ್ಚಬೇಡಿ. ಅಲ್ಲೇ ಒಣಗಿ ಬಿಳಿ ಬಿಳಿ ಕಲೆ ಕೂರುತ್ತದೆ, ಒರೆಸಿ ಒರೆಸಿ ರಟ್ಟೆ ಬೀಳುತ್ತದೆ.

ನವನಗರ ಡ್ರೈವರ್
ಯಾರೂ ಹೇಳಲಿಲ್ಲ ಅಂತ ಇವತ್ತು ಮಧ್ಯಾಹ್ನ ಹಚ್ಚಿದೆ. ಬಿಸಿಲಲ್ಲೇ. ಈಗ ನಾಲ್ಕು ಗಂಟೆಯಿಂದ ಒರೆಸುತ್ತಿದ್ದೇನೆ.